ಜಾತ್ರೆ ವಿಡಿಯೊದಲ್ಲಿ ತ್ರೀ ಸ್ಟೆಪ್ ಸರ್ಚ್ ದಾರಿ ತಪ್ಪುತ್ತಿದೆ, ಯಾಕೆ?

ಕಿನ್ನಾಳ ರಸ್ತೆ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು, ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟಿಗೆ ಅಂತ ಸಿ ಭಾಷೆಯಲ್ಲಿ ಒಂದು ಚಿಕ್ಕ ವಿಡಿಯೊ ಎನ್‌ಕೋಡರ್ ಬರೆಯುತ್ತಿದ್ದೇನೆ, ಅಂದರೆ ವಿಡಿಯೊ ಫೈಲನ್ನು ಚಿಕ್ಕದು ಮಾಡುವ ಪ್ರೋಗ್ರಾಂ. ಮೋಷನ್ ಎಸ್ಟಿಮೇಷನ್ (ಹಿಂದಿನ ಫ್ರೇಮಿನಿಂದ ಯಾವ ಭಾಗ ಎಲ್ಲಿಗೆ ಸರಿದಿದೆ ಅಂತ ಹುಡುಕುವುದು) ಹತ್ತಿರ ಬಂದು ಎರಡು ವಾರದಿಂದ ನಿಂತುಬಿಟ್ಟಿದ್ದೇನೆ.

ವಿಡಿಯೊ ಅಳತೆ 640 x 480. ಬ್ಲಾಕ್ 16 x 16. ಅಂದರೆ ಒಂದು ಫ್ರೇಮಿಗೆ 1200 ಬ್ಲಾಕ್. ಮೊದಲು ಫುಲ್ ಸರ್ಚ್ ಬರೆದೆ. ಪ್ರತಿ ಬ್ಲಾಕನ್ನೂ ಹಿಂದಿನ ಫ್ರೇಮಿನಲ್ಲಿ ನಾಲ್ಕೂ ಕಡೆ 15 ಪಿಕ್ಸೆಲ್ ತನಕ ಇಟ್ಟು ನೋಡುವುದು. ಒಂದು ಬ್ಲಾಕಿಗೆ 31 x 31, ಅಂದರೆ 961 ಜಾಗ. ಒಂದೊಂದು ಜಾಗದಲ್ಲೂ 256 ಪಿಕ್ಸೆಲ್‌ಗಳ ವ್ಯತ್ಯಾಸ ತೆಗೆದು ಕೂಡಿಸಬೇಕು. ಲೆಕ್ಕ ಹಾಕಿದರೆ ಫ್ರೇಮಿಗೆ 29 ಕೋಟಿ ದಾಟುತ್ತದೆ! ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಹತ್ತು ಸೆಕೆಂಡಿನ ವಿಡಿಯೊ ಹಾಕಿ, ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ.

ಆಮೇಲೆ ತ್ರೀ ಸ್ಟೆಪ್ ಸರ್ಚ್ ಹಾಕಿದೆ. ನಡುವಿನ ಜಾಗ ಮತ್ತು ಸುತ್ತಲಿನ 8 ಜಾಗ ನೋಡಿ, ಗೆದ್ದ ಜಾಗಕ್ಕೆ ಹೋಗಿ, ಹೆಜ್ಜೆ ಅರ್ಧ ಮಾಡಿ ಮತ್ತೆ ನೋಡುವುದು. 15ರ ತನಕ ಹೋಗಬೇಕಲ್ಲ, ಅದಕ್ಕೆ 8, 4, 2, 1 ಅಂತ ನಾಲ್ಕು ಹೆಜ್ಜೆ. ಒಟ್ಟು 33 ಜಾಗ, 29 ಪಟ್ಟು ಕಡಿಮೆ ಕೆಲಸ. ನನ್ನ ತಮ್ಮ ಕುರ್ಚಿ ಮೇಲೆ ಕೂತು ಮಾತಾಡಿದ ವಿಡಿಯೊದಲ್ಲಿ ಚೆನ್ನಾಗಿಯೇ ಬಂತು. ಆದರೆ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಜನರ ಮಧ್ಯೆ ನಿಂತು ಫೋನಿನಲ್ಲಿ ತೆಗೆದದ್ದನ್ನು ಹಾಕಿದರೆ ಎಲ್ಲಾ ಕೆಡುತ್ತದೆ. ಫೈಲ್ ದಪ್ಪ ಆಗುತ್ತದೆ. ವೆಕ್ಟರ್‌ಗಳನ್ನು (ಪ್ರತಿ ಬ್ಲಾಕು ಎತ್ತ, ಎಷ್ಟು ಸರಿಯಿತು ಅನ್ನುವುದನ್ನು) ಬಾಣದ ಹಾಗೆ ಚಿತ್ರದ ಮೇಲೆ ಬರೆಸಿ ನೋಡಿದೆ, ಪಕ್ಕಪಕ್ಕದ ಬ್ಲಾಕುಗಳೇ ಎದುರುಬದುರು ದಿಕ್ಕು ತೋರಿಸುತ್ತಿವೆ. ತೇರು ನಿಧಾನಕ್ಕೆ ಒಂದೇ ಕಡೆ ಹೋಗುತ್ತಿದೆ ಅಲ್ವಾ, ಮತ್ತೆ ಹೀಗೆ ಯಾಕೆ? ಡೈಮಂಡ್ ಸರ್ಚ್‌ಗೆ ಹೋದರೆ ಸರಿ ಆಗುತ್ತದಾ, ಅಥವಾ ಫುಲ್ ಸರ್ಚ್ ಬಿಟ್ಟರೆ ಬೇರೆ ದಾರಿ ಇಲ್ವಾ?

ಬಳ್ಳಾರಿ ಬಿಸಿಲು:

ಬಾಣ ಬರೆಸಿ ನೋಡಿದ್ದು ಬಹಳ ಒಳ್ಳೆಯದು. ಸುಮಾರು ಜನ ಬರೀ ಫೈಲ್ ಸೈಜ್ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಬಾಣಗಳಲ್ಲೇ ಇದೆ.

ತ್ರೀ ಸ್ಟೆಪ್ ಸರ್ಚ್ 1981ರದ್ದು. ಅದರ ನಂಬಿಕೆ ಇಷ್ಟೇ: ಸರಿಯಾದ ಜಾಗಕ್ಕೆ ಹತ್ತಿರ ಹೋದಂತೆಲ್ಲ ವ್ಯತ್ಯಾಸ ಇಳಿಯುತ್ತಾ ಹೋಗಬೇಕು. ಇಳಿಜಾರು ಹಿಡಿದು ಹೋದರೆ ಹೊಳೆ ಸಿಗುತ್ತದೆ ಅಂತ. ತಮ್ಮನ ಮುಖ, ಹಿಂದೆ ಗೋಡೆ, ಅಲ್ಲಿ ಇದು ನಿಜ. ಜಾತ್ರೆ ಅಂದರೆ ಆನೆಗೊಂದಿ ಗುಡ್ಡ ಇದ್ದ ಹಾಗೆ. ನೀರು ಬೇಕು ಅಂತ ಇಳಿಯುತ್ತಾ ಹೋಗುತ್ತೀರಿ, ಬಂಡೆ ಮೇಲಿನ ಒಂದು ದೊಣೆ ಸಿಗುತ್ತದೆ, ಅದನ್ನೇ ತುಂಗಭದ್ರೆ ಅಂದುಕೊಂಡು ನಿಂತುಬಿಡುತ್ತೀರಿ. ಸಾವಿರಾರು ತಲೆ, ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ. ಪಕ್ಕದವನ ತಲೆಯೂ ಸುಮಾರಾಗಿ ಹೊಂದುತ್ತದೆ. ಮೊದಲ ಹೆಜ್ಜೆಯೇ 8 ಪಿಕ್ಸೆಲ್ ಹಾರಿದರೆ ಯಾರ ತಲೆ ಮೇಲೆ ಬೀಳುತ್ತೀರೋ ಗೊತ್ತಿಲ್ಲ, ಮುಂದಿನ ಹೆಜ್ಜೆಗಳು ಅಲ್ಲೇ ಸುತ್ತುತ್ತವೆ.

ಈ ತೊಂದರೆ ಹಳೆಯದು. ಹೆಚ್ಚಿನ ಬ್ಲಾಕುಗಳು ಒಂದೆರಡು ಪಿಕ್ಸೆಲ್ಲಿಗಿಂತ ಜಾಸ್ತಿ ಸರಿಯುವುದಿಲ್ಲ ಅಂತ ಗೊತ್ತಾದ ಮೇಲೆ 1994ರಲ್ಲಿ ನ್ಯೂ ತ್ರೀ ಸ್ಟೆಪ್, 1996ರಲ್ಲಿ ಫೋರ್ ಸ್ಟೆಪ್, 2000ದಲ್ಲಿ ಡೈಮಂಡ್ ಸರ್ಚ್, 2002ರಲ್ಲಿ ಹೆಕ್ಸಗನ್ ಬಂದವು. ಎಲ್ಲವೂ ನಡುವಿನ ಹತ್ತಿರದಿಂದ ಶುರು ಮಾಡುತ್ತವೆ. ಡೈಮಂಡ್‌ನಲ್ಲಿ ಮೊದಲು ದೊಡ್ಡ ವಜ್ರದ 9 ಜಾಗ, ನಡುವಿನದೇ ಗೆದ್ದರೆ ಚಿಕ್ಕ ವಜ್ರದ 4, ಒಟ್ಟು 13ಕ್ಕೇ ಮುಗಿಯಬಹುದು. ಆದರೆ ಸುಮ್ನೆ ಆಕಾರ ಬದಲಿಸಿದರೆ ನಿಮ್ಮ ಜಾತ್ರೆ ಸರಿ ಆಗುವುದಿಲ್ಲ. ಆಕಾರಕ್ಕಿಂತ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದೇ ದೊಡ್ಡದು, ಇದನ್ನು ನಾನು ಬಹಳ ತಡವಾಗಿ ಕಲಿತೆ.

ನೋಡಿ, ಜನರ ತಳ್ಳಾಟದಲ್ಲಿ ಫೋನ್ ಹಿಡಿದಿದ್ದೀರಿ. ಕೈ ಅಲ್ಲಾಡಿದರೆ ಇಡೀ ಫ್ರೇಮ್ ಹತ್ತು ಹನ್ನೆರಡು ಪಿಕ್ಸೆಲ್ ಒಟ್ಟಿಗೇ ಸರಿಯುತ್ತದೆ. 1200 ಬ್ಲಾಕೂ ಒಂದೇ ಕಡೆ. ಆದರೆ ನಿಮ್ಮ ಕೋಡಿನಲ್ಲಿ ಪ್ರತಿ ಬ್ಲಾಕೂ ಸೊನ್ನೆಯಿಂದ ಹುಡುಕಾಟ ಶುರು ಮಾಡುತ್ತದೆ, ಪಕ್ಕದ ಬ್ಲಾಕಿಗೆ ಆಗಲೇ ಉತ್ತರ ಸಿಕ್ಕಿದ್ದರೂ ಕೇಳುವುದಿಲ್ಲ. ಕೇಳಿ. ಎಡಗಡೆ ಬ್ಲಾಕು, ಮೇಲಿನ ಬ್ಲಾಕು, ಮೇಲೆ ಬಲಗಡೆ ಬ್ಲಾಕು, ಈ ಮೂರರ ವೆಕ್ಟರ್ ತೆಗೆದುಕೊಂಡು ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಮೀಡಿಯನ್ (ಮೂರರಲ್ಲಿ ನಡುವಿನ ಸಂಖ್ಯೆ) ತೆಗೆಯಿರಿ. ಇದರ ಜೊತೆ ಸೊನ್ನೆ ವೆಕ್ಟರ್, ಹಿಂದಿನ ಫ್ರೇಮಿನಲ್ಲಿ ಅದೇ ಜಾಗದ ವೆಕ್ಟರ್, ಆ ಮೂವರ ವೆಕ್ಟರ್‌ಗಳನ್ನೂ ಒಂದೊಂದಾಗಿ ಪರೀಕ್ಷಿಸಿ. ಗೆದ್ದ ಜಾಗದಿಂದ ಚಿಕ್ಕ ವಜ್ರ ಹಾಕಿ, ನಡುವಿನದು ಗೆಲ್ಲುವ ತನಕ ನಡೆಯಿರಿ.

ಇನ್ನೊಂದು ಮಾತು. ಬರೀ ವ್ಯತ್ಯಾಸದ ಮೊತ್ತ ಕಡಿಮೆ ಮಾಡಲು ಹೋಗಬೇಡಿ. ಎಚ್.264 ಅನ್ನುವ ವಿಡಿಯೊ ಮಾನದಂಡದಲ್ಲಿ ವೆಕ್ಟರನ್ನು ಹಾಗೇ ಕಳಿಸುವುದಿಲ್ಲ, ಈ ಮೀಡಿಯನ್‌ನಿಂದ ಎಷ್ಟು ದೂರ ಅನ್ನುವುದನ್ನಷ್ಟೇ ಕಳಿಸುತ್ತಾರೆ. ದೂರ ಹೋದಷ್ಟೂ ಬಿಟ್ ಖರ್ಚು. ಅದಕ್ಕೇ ಮೊತ್ತದ ಜೊತೆಗೆ ಲ್ಯಾಂಬ್ಡಾ (ಬಿಟ್ಟಿಗೆ ಎಷ್ಟು ತೂಕ ಅನ್ನುವ ಸಂಖ್ಯೆ) ಗುಣಿಸು ವೆಕ್ಟರಿನ ಬಿಟ್ಟುಗಳು ಅಂತ ಸೇರಿಸಿ ಹೋಲಿಸಿ. ಆಗ ಹತ್ತು ಅಂಕದ ಲಾಭಕ್ಕೆ ಎಲ್ಲೋ ದೂರದ ತಲೆಗೆ ಜಿಗಿಯುವ ಬ್ಲಾಕು ತಾನಾಗೇ ಅಕ್ಕಪಕ್ಕದವರ ಜೊತೆ ಉಳಿಯುತ್ತದೆ.

ಮಾನ್ವಿ ಹತ್ತಿ:

ಮೇಲಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಫುಲ್ ಸರ್ಚ್ ಎಸೆಯಬೇಡಿ. ಅದು ನಿಮ್ಮ ಅಳತೆಗೋಲು. ಬೇರೆ ವಿಧಾನ ಎಷ್ಟು ಕಳೆದುಕೊಳ್ಳುತ್ತಿದೆ ಅಂತ ಗೊತ್ತಾಗುವುದು ಅದರ ಪಕ್ಕ ಇಟ್ಟಾಗ ಮಾತ್ರ.

ಮೊದಲು ಒಂದು ಪ್ರಶ್ನೆ, ಕಂಪೈಲ್ ಮಾಡುವಾಗ ಆಪ್ಟಿಮೈಸೇಷನ್ (ಕೋಡನ್ನು ವೇಗ ಮಾಡುವ ಆಯ್ಕೆ) ಆನ್ ಇದೆಯಾ? ಇಲ್ಲದಿದ್ದರೆ ನೀವು ಅಳೆಯುತ್ತಿರುವ ಸಮಯಕ್ಕೆ ಅರ್ಥವೇ ಇಲ್ಲ.

ಆಮೇಲೆ, 256 ಪಿಕ್ಸೆಲ್ಲೂ ಯಾಕೆ ಕೂಡಿಸುತ್ತೀರಿ? ಒಂದೊಂದು ಸಾಲು ಮುಗಿದಾಗ ನೋಡಿ, ಇಲ್ಲಿಯ ತನಕದ ಮೊತ್ತ ಈಗಿನ ದಾಖಲೆಯನ್ನು (ಈವರೆಗೆ ಸಿಕ್ಕ ಅತಿ ಕಡಿಮೆ ಮೊತ್ತವನ್ನು) ದಾಟಿದ್ದರೆ ಅಲ್ಲೇ ಬಿಡಿ. ಇದರಿಂದ ಉತ್ತರ ಬದಲಾಗುವುದೇ ಇಲ್ಲ. ಫುಲ್ ಸರ್ಚನ್ನು ಮೂಲೆಯಿಂದ ಶುರು ಮಾಡದೆ ನಡುವಿನಿಂದ ಸುರುಳಿ ಸುತ್ತಿಕೊಂಡು ಹೋದರೆ ಒಳ್ಳೆ ದಾಖಲೆ ಬೇಗ ಸಿಗುತ್ತದೆ, ಉಳಿದವು ಎರಡು ಮೂರು ಸಾಲಿಗೇ ಬಿದ್ದುಹೋಗುತ್ತವೆ. ಇನ್ನೂ ಚೆಂದದ್ದು 1995ರಲ್ಲಿ ಬಂದ ಸಕ್ಸೆಸಿವ್ ಎಲಿಮಿನೇಷನ್. ಎರಡು ಬ್ಲಾಕುಗಳ ಒಟ್ಟು ಮೊತ್ತಗಳ ನಡುವೆ ಎಷ್ಟು ಅಂತರ ಇದೆಯೋ, ಪಿಕ್ಸೆಲ್ ವ್ಯತ್ಯಾಸಗಳ ಮೊತ್ತ ಅದಕ್ಕಿಂತ ಕಡಿಮೆ ಆಗಲು ಸಾಧ್ಯವಿಲ್ಲ. ಹಾಗಾಗಿ ಪ್ರತಿ ಜಾಗದ 16 x 16 ಮೊತ್ತವನ್ನು ಮೊದಲೇ ಲೆಕ್ಕ ಮಾಡಿಟ್ಟುಕೊಂಡರೆ ಒಂದೇ ಕಳೆಯುವ ಲೆಕ್ಕದಲ್ಲಿ ಆ ಜಾಗವನ್ನು ಬಿಟ್ಟುಬಿಡಬಹುದು. ಇಷ್ಟು ಸರಳವಾದ ಮಾತಿನಿಂದ ಇಷ್ಟು ಕೆಲಸ ಉಳಿಯುತ್ತದೆ ಅಂದರೆ ಈಗಲೂ ನನಗೆ ಖುಷಿ ಆಗುತ್ತದೆ.

ಕೊನೆಗೆ ಪ್ರೊಸೆಸರ್. ಇಂಟೆಲ್ ಚಿಪ್‌ಗಳಲ್ಲಿ ಇದಕ್ಕೆಂದೇ ಪಿ-ಸ್ಯಾಡ್-ಬಿಡಬ್ಲ್ಯು ಅನ್ನುವ ಸೂಚನೆ ಇದೆ, ಎಸ್‌ಎಸ್‌ಇ2 (ಹಲವು ಸಂಖ್ಯೆಗಳ ಲೆಕ್ಕ ಒಂದೇ ಸಲ ಮಾಡುವ ಸೂಚನೆಗಳ ಗುಂಪು) ಇದ್ದರೆ 16 ಪಿಕ್ಸೆಲ್ಲಿನ ಒಂದು ಇಡೀ ಸಾಲು ಒಂದೇ ಏಟಿಗೆ. ನಿಮ್ಮ ಲ್ಯಾಪ್‌ಟಾಪ್ ಹಳೆಯದಾದರೂ ಇದು ಬಹುತೇಕ ಇದ್ದೇ ಇರುತ್ತದೆ.

ನಾನು ಎಡದಂಡೆ ಕಾಲುವೆ ಬದಿ ಇಟ್ಟ ಕ್ಯಾಮೆರಾದ ವಿಡಿಯೊ ಹಿಡಿದು ಕೆಲಸ ಮಾಡಿದ್ದೇನೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ದಂಡೆ, ಕಂಬ, ಬೇಲಿ ಎಲ್ಲಾ ಸೊನ್ನೆ ವೆಕ್ಟರ್. ಸೊನ್ನೆಯನ್ನು ಮೊದಲು ನೋಡಿ, ವ್ಯತ್ಯಾಸ ಸಾಕಷ್ಟು ಕಡಿಮೆ ಇದ್ದರೆ ಮುಂದೆ ಹುಡುಕಲೇಬೇಡ ಅಂತ ಬರೆದದ್ದೇ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಉಳಿಸಿತು. ನೀರಿನ ಅಲೆ ಮಾತ್ರ ಯಾವ ಸರ್ಚಿಗೂ ಸಿಗಲಿಲ್ಲ.

ಕಿನ್ನಾಳ ರಸ್ತೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಕೂತು ಮಾಡಿದೆ. ಆಪ್ಟಿಮೈಸೇಷನ್ ನಿಜವಾಗಿಯೂ ಆಫ್ ಇತ್ತು. ಮೀಡಿಯನ್ ಮತ್ತು ಚಿಕ್ಕ ವಜ್ರ ಹಾಕಿದ ಮೇಲೆ ಬಾಣಗಳು ಸಾಲಾಗಿ ನಿಂತವು, ಕೈ ಅಲ್ಲಾಡಿದ ಫ್ರೇಮುಗಳಲ್ಲಿ ಎಲ್ಲಾ ಒಂದೇ ಕಡೆ ತಿರುಗಿದ್ದು ನೋಡಿ ಮನೆಯವರನ್ನೂ ಕರೆದು ತೋರಿಸಿದೆ. ಫೈಲೂ ಫುಲ್ ಸರ್ಚಿನದಕ್ಕಿಂತ ಸ್ವಲ್ಪ ಚಿಕ್ಕದಾಗಿದೆ, ಇದು ಹೇಗೆ ಅಂತ ಮೊದಲು ಅರ್ಥ ಆಗಲಿಲ್ಲ, ಆಮೇಲೆ ವೆಕ್ಟರ್ ಬಿಟ್ಟುಗಳ ಮಾತು ನೆನಪಾಯಿತು.

ಎರಡು ಉಳಿದಿವೆ. ಜನ ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರಲ್ಲ, ಆ ಬ್ಲಾಕುಗಳು ಈಗಲೂ ಎತ್ತೆತ್ತಲೋ ಹೋಗುತ್ತವೆ. ಮತ್ತೆ ತೇರಿನ ಅಂಚು ಯಾಕೋ ಮಸುಕು.

ಬಳ್ಳಾರಿ ಬಿಸಿಲು:

ಉತ್ತತ್ತಿಯನ್ನು ಬಿಟ್ಟುಬಿಡಿ. ಬ್ಲಾಕಿನಲ್ಲಿ ಅದು ಒಂದು ಚುಕ್ಕೆ, ಸುತ್ತ ಆಕಾಶ, ಒಂದೇ ವೆಕ್ಟರ್ ಎರಡಕ್ಕೂ ಹೊಂದುವುದಿಲ್ಲ. ಹಿಂದಿನ ಫ್ರೇಮಿನಲ್ಲಿ ಅದು ಕಾಣದೆಯೂ ಇರಬಹುದು. ಅಲ್ಲಿ ಹುಡುಕಿ ಸಿಕ್ಕಿದ್ದಕ್ಕಿಂತ ಬ್ಲಾಕನ್ನು ಹೊಸದಾಗಿಯೇ ಕಳಿಸುವುದು ಅಗ್ಗ ಆದರೆ ಇಂಟ್ರಾ ಅಂತ ಗುರುತು ಹಾಕಿ ಮುಂದೆ ಹೋಗಿ. ಇಂಟ್ರಾ ಬ್ಲಾಕಿನ ವೆಕ್ಟರನ್ನು ಪಕ್ಕದವರ ಮೀಡಿಯನ್‌ಗೆ ಸೇರಿಸಬೇಡಿ, ಇಲ್ಲದಿದ್ದರೆ ಆ ತಪ್ಪು ಸಾಲಿನುದ್ದಕ್ಕೂ ಹರಡುತ್ತದೆ.

ತೇರಿನದು ಬೇರೆ. ಅದು ಬಹಳ ನಿಧಾನ, ಒಂದು ಫ್ರೇಮಿಗೆ ಒಂದು ಪಿಕ್ಸೆಲ್ಲೂ ಸರಿದಿರುವುದಿಲ್ಲ. ನೀವು ಪೂರ್ತಿ ಪಿಕ್ಸೆಲ್ಲಿನಲ್ಲೇ ಹುಡುಕುತ್ತಿದ್ದೀರಿ ಅಲ್ವಾ? ಗೆದ್ದ ಜಾಗದ ಸುತ್ತ ಅರ್ಧ ಪಿಕ್ಸೆಲ್ಲಿನ 8 ಜಾಗ ನೋಡಿ. ಸದ್ಯಕ್ಕೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ಸಾಕು, ಹಳೆಯ ಎಂಪೆಗ್-1 ಮಾನದಂಡದಲ್ಲೂ ಹಾಗೇ ಇತ್ತು. ಅದು ಸರಿ ಬಂದ ಮೇಲೆ ಎಚ್.264ನ ಆರು ಪಿಕ್ಸೆಲ್ಲಿನ ಫಿಲ್ಟರ್ ಹಾಕಿ: 1, -5, 20, 20, -5, 1, ಕೂಡಿಸಿ 32ರಿಂದ ಭಾಗಿಸಿ. ತೇರಿನ ಅಂಚು ಎದ್ದು ಕಾಣುತ್ತದೆ. ಆ ಎರಡು ಫ್ರೇಮನ್ನು ಪಕ್ಕಪಕ್ಕ ಇಟ್ಟು ಇಲ್ಲಿ ಹಾಕಿ, ನನಗೂ ನೋಡಬೇಕು.