ಸಹಾಯ ಬೇಕು: ಪುಟ್ಟ ಸ್ಪೀಕರ್‌ಗಳಿಂದ ವಿಪರೀತ ಬೇಸ್

ನಮ್ಮ ಹಾಲ್ 12 ಅಡಿಗೆ 10 ಅಡಿ. ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ. ಟಿವಿ ಸ್ಟ್ಯಾಂಡಿನ ಮೇಲೆ 5 ಇಂಚಿನ ವೂಫರ್‌ನ ಒಂದು ಜೊತೆ ಸ್ಪೀಕರ್. ಪೋರ್ಟ್ (ಬೇಸ್ ಹೆಚ್ಚಿಸಲು ಸ್ಪೀಕರ್ ಡಬ್ಬಿಗೆ ಕೊಟ್ಟ ಗಾಳಿಯ ತೂತು) ಹಿಂಬದಿಯಲ್ಲಿದೆ, ಗೋಡೆಗೆ ಒಂದು ಗೇಣು ಅಂತರ. ಕರ್ನಾಟಕ ಸಂಗೀತ ಹಾಕಿದರೆ ಮೃದಂಗದ ಎಡಗೈ ಪೆಟ್ಟು ಗುಂಯ್ ಎಂದು ಎಳೆದುಕೊಂಡು ಹೋಗಿ ಹಾಡಿನ ಸಾಹಿತ್ಯವನ್ನೇ ನುಂಗಿಬಿಡುತ್ತದೆ.

ಸ್ಪೀಕರ್‌ಗಳ ಕೆಳಗೆ ರಬ್ಬರ್ ಇಟ್ಟೆ. ಸ್ಟ್ಯಾಂಡಿನ ಅದುರು ನಿಂತಿತು, ಗುಂಯ್ ನಿಲ್ಲಲಿಲ್ಲ. ಅಂಗಡಿಯವರ ಮಾತಿನಂತೆ ಗೋಡೆಗೆ ತೆಳು ಫೋಮ್ ಅಂಟಿಸಿದೆ. ಚಪ್ಪಾಳೆಯ ಪ್ರತಿಧ್ವನಿ ತಗ್ಗಿತು, ಅಷ್ಟೇ. (ಗೋಡೆ ಮಾತ್ರ ಮೊಟ್ಟೆಯ ಟ್ರೇಯಂತೆ ಕಾಣುತ್ತಿದೆ.) ಬೇಸ್ ಗುಂಡಿ ತಗ್ಗಿಸಿದರೆ ತಂಬೂರಿಯೂ ಸೊರಗುತ್ತದೆ. ಪೋರ್ಟಿಗೆ ಕಾಲುಚೀಲ ತುರುಕಿದಾಗ ಮಾತ್ರ ಸಾಕಷ್ಟು ಹಿಡಿತಕ್ಕೆ ಬಂತು, ಆದರೆ ಗಂಡು ಕಂಠಗಳು ತೆಳ್ಳಗಾದವು.

ಗೊಂದಲ ಇಲ್ಲಿದೆ. ಮೊಬೈಲಿನಿಂದ ಒಂದೊಂದೇ ಆವರ್ತನ ನುಡಿಸಿ ನೋಡಿದರೆ 55 ಹರ್ಟ್ಸ್ ಆಸುಪಾಸಿನಲ್ಲಿ ಸದ್ದು ಉಬ್ಬುತ್ತದೆ. 10 ಅಡಿ ಅಂತರದ ಎದುರುಬದುರು ಗೋಡೆಗಳ ನಡುವಿನ ಅನುರಣನದ ಲೆಕ್ಕ ಹಾಕಿದರೂ ಸುಮಾರು 56 ಹರ್ಟ್ಸ್ ಬರುತ್ತದೆ. ಕೋಣೆಯ ನಡುವೆ ನಿಂತರೆ ಆ ಸದ್ದು ಬಹುತೇಕ ಮಾಯ. ಹಿಂದಿನ ಗೋಡೆಗೆ ಒರಗಿದ ಸೋಫಾದಲ್ಲಿ ಕುಳಿತರೆ ಮತ್ತೆ ಅದೇ. ಹಾಗಾದರೆ ತಪ್ಪು ಕೋಣೆಯದು. ಮತ್ತೆ ಪೋರ್ಟ್ ಮುಚ್ಚಿದಾಗ ಕಡಿಮೆಯಾದದ್ದೇಕೆ? ಪೋರ್ಟಿನ ಶ್ರುತಿಯೂ ಅಲ್ಲೇ ಇದೆಯೇ?

ಸೋಫಾ ಸರಿಸಲು ಜಾಗವಿಲ್ಲ. ಪೋರ್ಟನ್ನು ಅರ್ಧ ಮಾತ್ರ ಮುಚ್ಚಲೇ, ಅಥವಾ ತೆರೆದೇ ಇಟ್ಟು ಈಕ್ವಲೈಜರಿನಲ್ಲಿ 56 ಹರ್ಟ್ಸ್ ಒಂದನ್ನೇ ತಗ್ಗಿಸಲೇ? ತಗ್ಗಿಸುವುದಾದರೆ ಎಷ್ಟು ಡೆಸಿಬೆಲ್, ಅಕ್ಕಪಕ್ಕದ ಎಷ್ಟು ಆವರ್ತನಗಳವರೆಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.