ಜರ್ಮನಿಗೆ ಬಂದು ಏಳು ತಿಂಗಳು, ಇರೋದು ಇಬ್ರೇ, ಅದ್ರಲ್ಲೂ ದಿನಾ ಜಗಳ. ನಮ್ಮ ಕಡೆಯವ್ರು ಯಾರಾದ್ರೂ ಇದ್ರೆ ಹೇಳಿ

ಹೇಮಾವತಿ_ಮಗಳು

ಎಲ್ರಿಗೂ ನಮಸ್ಕಾರ. ನಂದು ಹಾಸನ, ನಮ್ಮನೆಯವ್ರದ್ದು ಅರಕಲಗೂಡು, ಮದ್ವೆ ಆಗಿ ಎರಡು ವರ್ಷ. ಅವ್ರಿಗೆ ಸ್ಟುಟ್‌ಗಾರ್ಟ್ ಹತ್ರ ಕೆಲ್ಸ ಸಿಕ್ಕಿ ಬ್ಲೂ ಕಾರ್ಡ್ (ಓದಿ ಕೆಲ್ಸಕ್ಕೆ ಬರೋ ಹೊರದೇಶದವ್ರಿಗೆ ಕೊಡೋ ಪರ್ಮಿಟ್) ಮೇಲೆ ಕಳೆದ ಜೂನ್‌ನಲ್ಲಿ ಬಂದ್ವಿ. ನಾನು ಹಾಸನದಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೆ, ಬಿಟ್ಟು ಬಂದೆ.

ಬೇಸಿಗೆಲಿ ಏನೂ ಅನ್ನಿಸ್ಲಿಲ್ಲ, ರಾತ್ರಿ ಒಂಬತ್ತೂವರೆ ತನಕ ಬೆಳಕಿರೋದು, ಊಟ ಮಾಡಿ ಇಬ್ರೂ ವಾಕ್ ಹೋಗ್ತಿದ್ವಿ. ಈಗ ಬೆಳಗ್ಗೆ ಎಂಟಾದ್ರೂ ಕತ್ತಲೆ, ಸಂಜೆ ಐದಕ್ಕೆ ಮತ್ತೆ ಕತ್ತಲೆ. ಅವ್ರು ಏಳೂಕಾಲಿಗೆ ಹೊರಟ್ರೆ ಬರೋದು ಆರಕ್ಕೆ, ಮಧ್ಯ ಒಂದು ನರಪಿಳ್ಳೆ ಹತ್ರನೂ ಮಾತಿಲ್ಲ. ಪೋಸ್ಟ್ ಡಬ್ಬಿಲಿ ಕಾಗದ ಬಂದ್ರೆ ಅವ್ರು ಬಂದು ಓದ್ಬೇಕು, ಯಾರಾದ್ರೂ ಬೆಲ್ ಮಾಡಿದ್ರೆ ನಂಗೆ ಎದೆ ಡವಡವ ಅನ್ನತ್ತೆ.

ಹೋದ ವಾರ ಆಗಿದ್ದು ಹೇಳ್ತೀನಿ. ನಮ್ಮ ಬಾಗಿಲಿಗೆ ಯಾರೋ ಒಂದು ಸಣ್ಣ ಮರದ ಬೋರ್ಡ್ ನೇತು ಹಾಕಿದ್ರು, ಕೇರ್‌ವೋಖೆ ಅಂತ ಬರ್ದಿತ್ತು, ನಾನು ಏನೋ ಹಬ್ಬದ್ದಿರ್ಬೇಕು ಅಂದ್ಕೊಂಡು ಸುಮ್ನಾದೆ. ಶನಿವಾರ ಕೆಳಗಿನ ಮನೆ ಅಜ್ಜಿ ಮೇಲೆ ಬಂದು ಆ ಬೋರ್ಡ್ ತೋರ್ಸಿ ಮೆಟ್ಟಿಲು ತೋರ್ಸಿ ಜೋರಾಗಿ ಏನೇನೋ ಅಂದ್ರು, ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆಮೇಲೆ ಇವ್ರು ಆಫೀಸಲ್ಲಿ ಕೇಳ್ಕೊಂಡು ಬಂದು ಹೇಳಿದ್ರು, ಆ ಬೋರ್ಡ್ ಯಾರ ಬಾಗಿಲಲ್ಲಿ ಇರತ್ತೋ ಆ ವಾರ ಮೆಟ್ಟಿಲು ಗುಡಿಸಿ ಒರೆಸೋದು, ಮನೆ ಮುಂದಿನ ದಾರಿ ಗುಡಿಸೋದು ಅವ್ರ ಪಾಳಿ ಅಂತೆ. ದಿನಾ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದವ್ಳು ನಾನು, ಗಲೀಜು ಜನ ಅನ್ನಿಸ್ಕೊಂಡ್ವಲ್ಲ ಅಂತ ಅವತ್ತು ರಾತ್ರಿ ತುಂಬಾ ಅತ್ತೆ. ಇವ್ರು ಅದಕ್ಕೆ "ನೀನೇ ಹೋಗಿ ಕೇಳ್ಬಹುದಿತ್ತಲ್ಲ, ಎಲ್ಲಾದಕ್ಕೂ ನಾನೇ ಬರ್ಬೇಕಾ" ಅಂದ್ಬಿಟ್ರು. ಅಲ್ಲಿಂದ ಮಾತು ಬೆಳೀತು, ಹಾಲು ಖಾಲಿ ಆಗಿದ್ದು, ಭಾನುವಾರ ಅಂಗಡಿ ಮುಚ್ಚಿರೋದು ಎಲ್ಲಾ ಅದ್ರಲ್ಲಿ ಬಂತು.

ಅವ್ರು ಕೆಟ್ಟವ್ರಲ್ಲ. ಊರಲ್ಲಿ ನಾವು ಹೀಗೆ ಕಿತ್ತಾಡಿದ್ದೇ ಇಲ್ಲ. ಈಗ ಅವರೆಕಾಯಿ ಕಾಲ, ಅಮ್ಮ ವಿಡಿಯೋ ಕಾಲ್‌ನಲ್ಲಿ ಹಿತಕಿದಬೇಳೆ ಮಾಡ್ತಾ ಕೂತಿರ್ತಾರೆ, ಚೆನ್ನಾಗಿದ್ದೀಯೇನೆ ಅಂದ್ರೆ ಹೂಂ ಅಂತೀನಿ. ನಿಮ್ಗೂ ಹೀಗಾಗಿತ್ತಾ? ದಿನ ಹೇಗೆ ಕಳೆದ್ರಿ? ಕೆಲ್ಸ ಹುಡುಕ್ಬಹುದಾ? ಅಮ್ಮಂಗೆ ಹೇಳ್ಬೇಕಾ ಬೇಡ್ವಾ?

ಗಿರಿಮಂಜು

ತಂಗಿ, ನಾನು ಚಿಕ್ಕಮಗಳೂರಿನವ್ಳು, ಇಲ್ಲಿಗೆ ಬಂದು ಎಂಟು ವರ್ಷ. ನಂಗೂ ಮೊದಲ ಚಳಿಗಾಲ ಹೀಗೇ ಇತ್ತು.

ಊರಲ್ಲಿ ಯಾಕೆ ಜಗಳ ಆಗ್ತಿರ್ಲಿಲ್ಲ ಅಂದ್ರೆ, ಅಲ್ಲಿ ನಿನ್ನ ಮಾತು ಹತ್ತು ಕಡೆ ಹಂಚಿಹೋಗ್ತಿತ್ತು. ಸ್ಕೂಲಲ್ಲಿ ಸ್ವಲ್ಪ, ಹೂವಿನವ್ಳ ಹತ್ರ ಸ್ವಲ್ಪ, ಪಕ್ಕದ ಮನೆ ಆಂಟಿ, ಅಮ್ಮ, ಅತ್ತೆ. ಗಂಡ ಮನೆಗೆ ಬರೋ ಹೊತ್ತಿಗೆ ಅವ್ನ ಪಾಲಿಗೆ ಉಳಿಯೋದು ಚೂರೇ ಚೂರು. ಇಲ್ಲಿ ಆ ಹತ್ತೂ ಜನದ ಜಾಗದಲ್ಲಿ ಅವನೊಬ್ನೇ ನಿಂತಿದಾನೆ, ಅವ್ನಿಗೆ ನೀನೊಬ್ಳೇ. ಎಷ್ಟೇ ಒಳ್ಳೆಯವ್ರಾದ್ರೂ ಇಬ್ರ ಕೈಲಿ ಅಷ್ಟು ಭಾರ ಹೊರಕ್ಕಾಗಲ್ಲ ಕಣೆ. ಅದಕ್ಕೆ ನಿಂಗೆ ಅವ್ನನ್ನ ಬಿಟ್ಟು ಇನ್ನೊಂದು ನಾಲ್ಕು ಜನ ಬೇಕು, ಮೊದ್ಲು ಅದು ನೋಡು.

ಆ ಅಜ್ಜಿಯಿಂದಾನೇ ಶುರು ಮಾಡು. ಬೈದ್ರು ಅಂತ ದೂರ ಇರ್ಬೇಡ. ಕೇರ್‌ವೋಖೆ ಅನ್ನೋದು ಆ ಸ್ವಾಬಿಯಾ ಕಡೆಯವ್ರ, ಅಂದ್ರೆ ನಿಮ್ಮ ಸ್ಟುಟ್‌ಗಾರ್ಟ್ ಸುತ್ತಮುತ್ತಲಿನವ್ರ, ಹಳೇ ಪದ್ಧತಿ, ಅವ್ರಿಗೆ ಅದು ಮನೆ ಮರ್ಯಾದೆ, ನಮ್ಗೆ ಹೊಸ್ತಿಲು ಸಾರ್ಸೋದು ಇದ್ದ ಹಾಗೆ. ಮುಂದಿನ ಪಾಳಿ ಬಂದಾಗ ಅವ್ರು ಮನೇಲಿರೋ ಹೊತ್ತು ನೋಡ್ಕೊಂಡು ಮೆಟ್ಟಿಲು ಗುಡಿಸು, ಬಾಗಿಲು ತೆಗೆದೇ ತೆಗೀತಾರೆ. ಗೂಟನ್ ಮೋರ್ಗನ್ ಅನ್ನು, ಸಾಕು. ನಂಗೆ ಜರ್ಮನ್ ಬಂದಿದ್ದು ಅರ್ಧ ಕ್ಲಾಸಲ್ಲಿ, ಇನ್ನರ್ಧ ನಮ್ಮ ಬಿಲ್ಡಿಂಗ್ ಮೆಟ್ಟಿಲ ಮೇಲೆ.

ಕೆಲ್ಸದ ವಿಷ್ಯ. ಬ್ಲೂ ಕಾರ್ಡ್ ಇರೋವ್ರ ಹೆಂಡ್ತಿಗೆ ಬಂದ ದಿನದಿಂದ್ಲೇ ಕೆಲ್ಸ ಮಾಡಕ್ಕೆ ಅವಕಾಶ ಇದೆ. ಇಲ್ಲಿ ಇರಕ್ಕೆ ನಿಂಗೆ ಕೊಟ್ಟಿರೋ ಪರ್ಮಿಟ್ ಕಾರ್ಡ್ ತೆಗೆದು ನೋಡು, ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್ ಅಂತ ಇರತ್ತೆ, ಕೆಲ್ಸ ಮಾಡ್ಬಹುದು ಅಂತ ಅರ್ಥ. ಆದ್ರೆ ಶಾಲೆ ಟೀಚರ್ ಆಗಕ್ಕೆ ನಮ್ಮ ಡಿಗ್ರಿಗೆ ಇಲ್ಲಿನ ಮಾನ್ಯತೆ ಬೇಕು, ಭಾಷೆನೂ ತುಂಬಾ ಚೆನ್ನಾಗಿ ಬರ್ಬೇಕು, ಅದು ವರ್ಷಗಳ ಕೆಲ್ಸ, ಸುಳ್ಳು ಹೇಳಲ್ಲ. ಈಗ ಫೋಲ್ಕ್ಸ್‌ಹೋಖ್‌ಶೂಲೆಗೆ ಜರ್ಮನ್ ಕಲಿಯಕ್ಕೆ ಸೇರ್ಕೋ, ದೊಡ್ಡವ್ರಿಗೆ ಕ್ಲಾಸ್ ನಡೆಸೋ ಜಾಗ ಅದು, ಊರೂರಲ್ಲೂ ಇರತ್ತೆ, ಪ್ರೈವೇಟ್‌ಗಿಂತ ಫೀಸು ಕಮ್ಮಿ, ಸಿರಿಯಾ, ಉಕ್ರೇನ್, ಬ್ರೆಜಿಲ್ ಕಡೆಯವ್ರೆಲ್ಲ ಇರ್ತಾರೆ, ಯಾರಿಗೂ ಭಾಷೆ ಬರಲ್ಲ, ಅಲ್ಲಿ ನಾಚಿಕೆ ಅನ್ನೋದೇ ಇಲ್ಲ. ನಂಗೆ ಮೊದಲ ಫ್ರೆಂಡ್ ಸಿಕ್ಕಿದ್ದು ಅಲ್ಲೇ.

ಸಕ್ಲೇಶಪುರ_ಘಾಟಿ

ನಾನು ಗಂಡಸರ ಕಡೆಯಿಂದ ಒಂದು ಮಾತು ಬರೀತೀನಿ, ನಿಮ್ಮ ಯಜಮಾನ್ರಿಗೂ ತೋರ್ಸಿ.

ನಾನು 2019ರಲ್ಲಿ ಬಂದಾಗ ನನ್ನ ಹೆಂಡ್ತಿಗೆ ಕಷ್ಟ ಆಗ್ಬಾರ್ದು ಅಂತ ಎಲ್ಲಾ ನಾನೇ ಮಾಡ್ಬಿಟ್ಟೆ. ವಿಳಾಸ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಬ್ಯಾಂಕು, ಕರೆಂಟು, ಎಲ್ಲಾ ಕಾಗದ ನನ್ನ ಹೆಸರಿಗೆ. ಒಂದು ವರ್ಷ ಆದ್ಮೇಲೆ ನೋಡಿದ್ರೆ ಅವ್ಳ ಹೆಸರಲ್ಲಿ ಒಂದು ಬ್ಯಾಂಕ್ ಕಾರ್ಡೂ ಇಲ್ಲ, ಇನ್ನೂರು ಮಕ್ಕಳಿರೋ ಹಾಸ್ಟೆಲ್ ನೋಡ್ಕೊತಿದ್ದ ಹೆಂಗಸು ಬ್ರೆಡ್ ತರಕ್ಕೂ ನನ್ನ ಕೇಳ್ಬೇಕು. ಅದು ನನ್ನ ತಪ್ಪು. ಆಮೇಲೆ ಜಾಯಿಂಟ್ ಅಕೌಂಟ್ ಮಾಡ್ಸಿದ್ವಿ, ಬರೋ ಕಾಗದ ಎಲ್ಲಾ ಒಂದು ಬುಟ್ಟಿಗೆ ಹಾಕಿ ಶನಿವಾರ ಬೆಳಗ್ಗೆ ಕಾಫಿ ಕುಡೀತಾ ಇಬ್ರೂ ಕೂತು ಫೋನಲ್ಲಿ ಟ್ರಾನ್ಸ್‌ಲೇಟ್ ಹಾಕಿ ಓದೋದು, ಡಾಕ್ಟರ್ ಅಪಾಯಿಂಟ್‌ಮೆಂಟ್ ಅವ್ಳೇ ತಗೊಳೋದು.

ಇನ್ನೊಂದು. ಆಫೀಸಲ್ಲಿ ಎಂಟು ಗಂಟೆ ಬೇರೆ ಭಾಷೆಲಿ ಮಾತಾಡಿ ಮಾತಾಡಿ ನಂಗೆ ದವಡೆ ನೋಯೋದು, ಮನೆಗೆ ಬಂದು ಸುಮ್ನೆ ಕೂತ್ರೆ ಸಾಕು ಅನ್ನಿಸೋದು. ಅವ್ಳಿಗೆ ಆ ದಿನದ ಮೊದಲ್ನೇ ಮಾತು ನಾನು ಬಾಗಿಲು ತೆಗೆದಾಗ ಶುರು. ನಂಗೆ ಮಾತು ಮುಗಿದಿರತ್ತೆ, ಅವ್ಳಿಗೆ ಆಗ ತಾನೇ ಆರಂಭ. ಇದು ನಮ್ಗೆ ಗೊತ್ತಾಗಕ್ಕೇ ಎಷ್ಟೋ ತಿಂಗಳು ಬೇಕಾಯ್ತು. ಗೊತ್ತಾದ್ಮೇಲೆ ನಾನು ಬಂದ ತಕ್ಷಣ ಅರ್ಧ ಗಂಟೆ ಸುಮ್ನಿರೋದು, ಆಮೇಲೆ ಅಡಿಗೆಮನೇಲಿ ಇಬ್ರೂ ನಿಂತು ಮಾತು ಅಂತ ಮಾಡ್ಕೊಂಡ್ವಿ. ಆ ನೆಪದಲ್ಲಿ ನಂಗೆ ಅಕ್ಕಿ ರೊಟ್ಟಿ ತಟ್ಟಕ್ಕೆ ಬಂತು.

ರೊಟ್ಟಿ ಅಂದ್ಮೇಲೆ ಹೇಳ್ತೀನಿ, ಏಷ್ಯಾ ಅಂಗಡಿಲಿ ಮೂರು ತಲೆ ಆನೆ ಇರೋ ಥಾಯ್ಲೆಂಡ್ ಹಿಟ್ಟಿನ ಪ್ಯಾಕೆಟ್ ಸಿಗತ್ತೆ, ಕೆಂಪು ಅಕ್ಷರದ್ದು ಮಾಮೂಲಿ ಅಕ್ಕಿ ಹಿಟ್ಟು, ಹಸಿರು ಅಕ್ಷರದ್ದು ಅಂಟು ಅಕ್ಕಿದು, ಹಸಿರು ತಂದ್ರೆ ರೊಟ್ಟಿ ಕಾವಲಿಗೆ ಅಂಟ್ಕೊಂಡು ಏಳೋದೇ ಇಲ್ಲ. ಹಿಟ್ಟು ತುಂಬಾ ನುಣ್ಣಗಿರತ್ತೆ, ರಾತ್ರಿ ಉಳಿದ ಅನ್ನ ಹಿಸುಕಿ ಸೇರ್ಸಿ ನಾದಿ, ನಮ್ಮ ಮಲೆನಾಡಿನ ರೊಟ್ಟಿ ಹಾಗೇ ಮೆತ್ತಗೆ ಬರತ್ತೆ. ರಾಗಿ ಹಿಟ್ಟು ಶ್ರೀಲಂಕಾ ತಮಿಳರ ಅಂಗಡಿಲಿ ಕೇಳಿ. ಕಾಫಿಗೆ ಉದ್ದ ದಿನ ಇಡೋ ಡಬ್ಬದ ಹಾಲು ಬೇಡ, ಅದ್ರಲ್ಲಿ ಕಾಯ್ಸಿದ ವಾಸನೆ ಇರತ್ತೆ, ಫ್ರಿಜ್ ಸಾಲಲ್ಲಿರೋ 3.5 ಪರ್ಸೆಂಟ್ ಹಾಲು ತಗೊಳಿ, ಶನಿವಾರಾನೇ ಎರಡು ಲೀಟರ್ ತಂದಿಡಿ.

ಮೂಡಿಗೆರೆ_ಅಮ್ಮ

ಮಗಳೇ, ನಂಗೆ ಟೈಪ್ ಮಾಡೋದು ನಿಧಾನ. ನನ್ನ ಮಗಳೂ ಅಳಿಯನೂ ಹೊರದೇಶದಲ್ಲಿ ಇದಾರೆ, ನಾವಿಬ್ರೇ ತೋಟದಲ್ಲಿ. ನಿಮ್ಮಮ್ಮಂಗೆ ಹೇಳು. ನೀನು ಹೂಂ ಅಂದಾಗ್ಲೇ ಅವ್ರಿಗೆ ಗೊತ್ತಾಗಿರತ್ತೆ, ಏನಾಗಿದೆ ಅನ್ನೋದು ಗೊತ್ತಿಲ್ದೇ ರಾತ್ರಿ ನಿದ್ದೆ ಇರಲ್ಲ, ನಾನು ಅನುಭವಿಸಿದ್ದು ಇದು. ನನ್ನ ಮಗಳು ಒಂದು ವರ್ಷ ಚೆನ್ನಾಗಿದೀನಿ ಅಂತ್ಲೇ ಹೇಳಿದ್ಲು, ನಾನೂ ಇವ್ರಿಗೆ ಶುಗರ್ ಜಾಸ್ತಿ ಆಗಿದ್ದು ಹೇಳ್ಲಿಲ್ಲ, ಎರಡೂ ಕಡೆ ಮುಚ್ಚಿಟ್ಟು ಫೋನಲ್ಲಿ ಬರೀ ಹವಾಮಾನ ಮಾತಾಡ್ತಿದ್ವಿ. ಆದ್ರೆ ಗಂಡನ ಮೇಲಿನ ದೂರು ಬೇರೆ, ಬೇಜಾರು ಬೇರೆ. ನಿನ್ನ ಬೇಜಾರು ಹೇಳು, ದೂರು ಅವ್ನ ಹತ್ರಾನೇ ಹೇಳು, ಯಾಕಂದ್ರೆ ನೀವಿಬ್ರೂ ನಾಳೆ ಸರಿ ಹೋಗ್ತೀರ, ಅಮ್ಮನ ಮನಸಲ್ಲಿ ಅದು ಹಾಗೇ ಉಳ್ಕೊಳತ್ತೆ.

ಟೈಮ್ ಗೊತ್ತು ಮಾಡ್ಕೋ. ಈಗ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಮಾರ್ಚ್ ಕೊನೇ ಭಾನುವಾರ ಆದ್ಮೇಲೆ ಮೂರೂವರೆ ಆಗತ್ತೆ. ನಿಂಗೆ ಮಧ್ಯಾಹ್ನ ಎರಡು ಅಂದ್ರೆ ಇಲ್ಲಿ ದೀಪ ಹಚ್ಚೋ ಹೊತ್ತು, ಆಗ ಮಾಡು.

ಹೇಮಾವತಿ_ಮಗಳು

ಅಕ್ಕ, ಅಣ್ಣ, ಅಮ್ಮ, ಮೂವರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಉತ್ತರ ಇವ್ರಿಗೆ ಓದಿ ಹೇಳಿದೆ, ದವಡೆ ನೋಯತ್ತೆ ಅನ್ನೋ ಕಡೆ ಬಂದಾಗ ಸುಮ್ನೆ ತಲೆ ಆಡ್ಸಿದ್ರು, ಆಮೇಲೆ ಪಾತ್ರೆ ತೊಳೀತಾ ಆಫೀಸಲ್ಲಿ ಊಟದ ಹೊತ್ತಲ್ಲಿ ಅವ್ರೂ ಒಬ್ರೇ ಕೂತ್ಕೊಳೋದು ಅಂತ ಹೇಳಿದ್ರು. ಏಳು ತಿಂಗಳಿಂದ ನಂಗೆ ಇದು ಗೊತ್ತೇ ಇರ್ಲಿಲ್ಲ.

ಕಾರ್ಡ್ ನೋಡಿದೆ ಅಕ್ಕ, ನೀವು ಹೇಳಿದ ಎರಡು ಪದ ಇದೆ. ಭಾಷೆ ಕ್ಲಾಸಿಗೆ ಹೆಸರು ಕೊಟ್ಟಿದೀನಿ. ನಿನ್ನೆ ಎರಡು ಗಂಟೆಗೆ ಅಮ್ಮಂಗೆ ಫೋನ್ ಮಾಡಿ ಬೇಜಾರಾಗತ್ತಮ್ಮ ಅಂದೆ, ಅವ್ರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅವರೆಕಾಳು ಒಣಗ್ಸಿ ಕಳಿಸ್ಲಾ ಅಂದ್ರು. ನಮ್ಮ ಪಾಳಿ ಮತ್ತೆ ಬರೋದು ಮುಂದಿನ ತಿಂಗಳು. ಇವ್ರು ಒರೆಸೋ ಕೋಲು ತಂದಿಟ್ಟಿದಾರೆ, ಮೆಟ್ಟಿಲು ನಾನು ಗುಡಿಸ್ತೀನಿ, ಅವ್ರು ಒರೆಸ್ತಾರಂತೆ.