ರಾಮರಾಯನ ಮಗ ಯಾರು?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಜಗಳ ಆದರೆ ಅದು ಮದುವೆ ಊಟದ ಬಗ್ಗೆ, ಇಲ್ಲವೇ ಧಾರವಾಡದ ಹಳೇ ಮನೆಯ ಬಗ್ಗೆ. ಈ ಸಲ ಆಗಿದ್ದು 1565ನೇ ಇಸವಿಯ ಬಗ್ಗೆ, ವಿಜಯನಗರ ಸೋತ ರಕ್ಕಸತಂಗಡಿ ಯುದ್ಧದ ಬಗ್ಗೆ. ಡೊಂಬಿವಲಿ, ಠಾಣೆ, ಮಾಟುಂಗಾ, ಪುಣೆ, ಎಲ್ಲ ಕಡೆಯವರೂ ಕಣಕ್ಕೆ ಇಳಿದರು. ಹೆಸರು ತೆಗೆದು ಸಂಬಂಧ ಮಾತ್ರ ಇಟ್ಟಿದ್ದೇನೆ. ನಡುವೆ ಬಂದ ಶುಭೋದಯದ ಹೂವು, ಕೈಮುಗಿಯುವ ಚಿತ್ರ ಎಲ್ಲ ಕಿತ್ತಿದ್ದೇನೆ.

ಡೊಂಬಿವಲಿ ಕಾಕಾ: (ಹಲವು ಸಲ ಫಾರ್ವರ್ಡ್ ಆಗಿದೆ) ಇತಿಹಾಸದ ಪುಸ್ತಕಗಳು ಮುಚ್ಚಿಟ್ಟ ಸತ್ಯ!! ರಕ್ಕಸತಂಗಡಿ ಯುದ್ಧದಲ್ಲಿ ರಾಮರಾಯನ ತಲೆ ಕಡಿದವನು ಬೇರೆ ಯಾರೂ ಅಲ್ಲ, ಅವನ ಸ್ವಂತ ಮಗ ರಣಮಸ್ತಖಾನ! ತಾಯಿ ಮೆಹರ್ಜಾನ್‌ಗೆ ಆದ ಅನ್ಯಾಯಕ್ಕೆ ಸೇಡು! ಪ್ರತಿಯೊಬ್ಬ ಕನ್ನಡಿಗನೂ ಓದಬೇಕು. ಹತ್ತು ಜನರಿಗೆ ಕಳಿಸಿ.

ಠಾಣೆ ಅಣ್ಣ: ಅಬ್ಬಾ! ಇದು ಗೊತ್ತೇ ಇರಲಿಲ್ಲ. ಆಫೀಸ್ ಗುಂಪಿಗೂ ಹಾಕಿದೆ.

ನಾನು: ಅಣ್ಣಾ, ತಡಿ. ಕಾಕಾ, ಇದು ಇತಿಹಾಸ ಅಲ್ಲ, ಕಾದಂಬರಿ. ಗಳಗನಾಥರ ‘ಕನ್ನಡಿಗರ ಕರ್ಮಕಥೆ’. ಅದಕ್ಕೂ ಮೂಲ ನಮ್ಮ ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿ ‘ವಜ್ರಾಘಾತ’. ಮೆಹರ್ಜಾನ್ ಆಗಲಿ ರಣಮಸ್ತಖಾನ ಆಗಲಿ ಆ ಪುಸ್ತಕದ ಹೊರಗೆ ಎಲ್ಲೂ ಇಲ್ಲ. ರಾಮರಾಯನನ್ನು ಹಿಡಿದು ತಲೆ ಕಡಿಸಿದವನು ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ. 1565ರ ಜನವರಿ 23.

ಡೊಂಬಿವಲಿ ಕಾಕಾ: ನೀನು ನೋಡಿದ್ದೀಯಾ?

ನಾನು: ನೀವು ನೋಡಿದ್ದೀರಾ?

ಡೊಂಬಿವಲಿ ಕಾಕಾ: ಗಳಗನಾಥರನ್ನು ಸುಳ್ಳುಗಾರ ಅಂತ ಕರೆಯಬೇಡ. ನಮ್ಮ ಕಡೆ ಶಾಲೆಯಲ್ಲೆಲ್ಲ ಮರಾಠಿ ತುಂಬಿದ್ದ ಕಾಲ ಅದು. ಆ ಮನುಷ್ಯ ಪುಸ್ತಕದ ಗಂಟನ್ನು ಹೆಗಲಿಗೆ ಹಾಕಿಕೊಂಡು ಊರೂರು ಅಲೆದು ಮಾರಿದರು. ನಮ್ಮ ಅಜ್ಜ ಓದು ಕಲಿತಿದ್ದೇ ಆ ಪುಸ್ತಕಗಳಿಂದ. ಹಗಲು ಹೊಲ, ರಾತ್ರಿ ಕಂದೀಲು, ಒಬ್ಬ ಓದುವುದು, ಹತ್ತು ಜನ ಕೇಳುವುದು. ಕತ್ತಿ ಹಿರಿದ ಕಡೆ ಅಧ್ಯಾಯ ಮುಗಿದರೆ ಯಾರೂ ಏಳುತ್ತಿರಲಿಲ್ಲವಂತೆ.

ನಾನು: ಸುಳ್ಳುಗಾರ ಅಂತ ನಾನೆಲ್ಲಿ ಹೇಳಿದೆ ಕಾಕಾ? ಅವರು ಕಾದಂಬರಿ ಅಂತಲೇ ಬರೆದರು, ಕಾದಂಬರಿ ಅಂತಲೇ ಮಾರಿದರು. ನೀವು ಕಳಿಸಿದ ಫಾರ್ವರ್ಡ್‌ನಲ್ಲಿ ಅವರ ಹೆಸರೇ ಇಲ್ಲ. ಆಪ್ಟೆಯವರ ಹೆಸರೂ ಇಲ್ಲ. ಇಬ್ಬರೂ ಕಷ್ಟಪಟ್ಟು ಕಟ್ಟಿದ ಪಾತ್ರವನ್ನು ಯಾರೋ ಎತ್ತಿಕೊಂಡು ಹೋಗಿ ‘ಮುಚ್ಚಿಟ್ಟ ಸತ್ಯ’ ಅಂತ ಹಂಚುತ್ತಿದ್ದಾರೆ. ನನಗೆ ಸಿಟ್ಟು ಇರುವುದು ಅಲ್ಲಿ.

ಠಾಣೆ ಅಣ್ಣ: ಹಾಗಾದರೆ ‘ತ್ರೀ ಮಸ್ಕಿಟಿಯರ್ಸ್’ ಬರೆದ ಫ್ರಾನ್ಸಿನ ಡ್ಯೂಮಾಗೆ ಏನು ಹೇಳುತ್ತೀಯಾ? ಅವನ ಜೊತೆ ಕೂತು ಅರ್ಧ ಕೆಲಸ ಮಾಡಿದ ಮಾಕೆ ಅನ್ನುವವನ ಹೆಸರು ಮುಖಪುಟದ ಮೇಲೆ ಬರಲೇ ಇಲ್ಲ. ಕೋರ್ಟಿಗೆ ಹೋದ. ದುಡ್ಡು ಸಿಕ್ಕಿತು, ಹೆಸರು ಸಿಗಲಿಲ್ಲ.

ಇದು ನನಗೆ ಸರಿಯಾಗಿ ತಾಗಿತು. ಅಣ್ಣ ಆಫೀಸ್ ರೈಲಿನಲ್ಲಿ ಡ್ಯೂಮಾ ಓದಿಯೇ ಇಂಗ್ಲಿಷ್ ಸುಧಾರಿಸಿಕೊಂಡವನು. ಅವನ ಹತ್ತಿರ ಈ ವಿಷಯಕ್ಕೆ ವಾದ ಹೂಡಬಾರದು.

ಪುಟ್ಟಿ: ಅಪ್ಪ, ನಾನು ಈಗ ಮಸ್ಕಿಟಿಯರ್ಸ್ ಸರಣಿಯನ್ನೇ ಓದುತ್ತಿದ್ದೇನೆ! ಮೊದಲ ಪುಸ್ತಕದಲ್ಲಿ ನಾಯಕ ದಾರ್ತಾನ್ಯನ್ ಒಂದೇ ದಿನ ಮೂವರ ಜೊತೆ ಕತ್ತಿ ಕಾಳಗಕ್ಕೆ ಟೈಮ್ ಕೊಟ್ಟುಬಿಡುತ್ತಾನಲ್ಲ. ಹನ್ನೆರಡಕ್ಕೆ ಒಬ್ಬ, ಒಂದಕ್ಕೆ ಇನ್ನೊಬ್ಬ, ಎರಡಕ್ಕೆ ಮತ್ತೊಬ್ಬ. ಸತ್ತರೆ ಮುಂದಿನ ಅಪಾಯಿಂಟ್‌ಮೆಂಟ್ ಏನು ಮಾಡುತ್ತಾನೆ?

ಠಾಣೆ ಅಣ್ಣ: ಅದೇ ಮಜಾ. ಆ ಜಗಳಗಳ ಕಾರಣ ನೋಡು. ಅಥೋಸ್‌ನ ಗಾಯದ ಭುಜಕ್ಕೆ ಡಿಕ್ಕಿ. ಅರಾಮಿಸ್‌ನ ಕಾಲಡಿ ಬಿದ್ದ ಕರವಸ್ತ್ರ. ಪೋರ್ಥೋಸ್‌ನದು ಎಲ್ಲಕ್ಕಿಂತ ಚಂದ. ಎದೆ ಮೇಲೆ ಚಿನ್ನದ ಕಸೂತಿಯ ಪಟ್ಟಿ ಹಾಕಿಕೊಂಡು ಮೆರೆಯುತ್ತಾನೆ. ಮೇಲೆ ದಪ್ಪ ಮೇಲಂಗಿ. ದಾರ್ತಾನ್ಯನ್ ಓಡಿ ಬಂದು ಆ ಅಂಗಿಯೊಳಗೆ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತದೆ, ಪಟ್ಟಿಗೆ ಚಿನ್ನ ಇರುವುದು ಮುಂದೆ ಮಾತ್ರ, ಹಿಂದೆ ಬರೀ ಚರ್ಮ. ಅದನ್ನು ನೋಡಿಬಿಟ್ಟ ಅನ್ನುವುದೇ ಪೋರ್ಥೋಸ್‌ನ ಸಿಟ್ಟು.

ಡೊಂಬಿವಲಿ ಕಾಕಾ: ಇಂಥವರು ನಮ್ಮ ಮದುವೆಗಳಿಗೂ ಬರುತ್ತಾರೆ.

ನಾನು: ಅಣ್ಣಾ, ನಿನ್ನ ಡ್ಯೂಮಾನೇ ನನ್ನ ಸಾಕ್ಷಿ. ದಾರ್ತಾನ್ಯನ್ ನಿಜವಾಗಿಯೂ ಇದ್ದ ಮನುಷ್ಯ. ಸೈನ್ಯದಲ್ಲಿ ಮೇಲಕ್ಕೆ ಬಂದು 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಸತ್ತ. ಆದರೆ ಕಾದಂಬರಿ ಶುರುವಾಗುವ 1625ರಲ್ಲಿ ಅವನು ಇನ್ನೂ ಹುಡುಗ. ಡ್ಯೂಮಾ ಇಸವಿಯನ್ನು ಎಳೆದು ತನಗೆ ಬೇಕಾದ ಕಡೆ ಕೂರಿಸಿಕೊಂಡ. 1844ರಲ್ಲಿ ಅದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಜನ ಹುಚ್ಚೆದ್ದು ಓದಿದರು. ಆದರೂ ಕತೆಯನ್ನು ಕತೆಯ ಜಾಗದಲ್ಲೇ ಇಟ್ಟರು, ಅಲ್ವಾ?

ಈ ಹೊತ್ತಿಗೆ ಮಾಟುಂಗಾದ ಅತ್ಯಾ ‘ಟೈಪಿಂಗ್’ ಅಂತ ತೋರಿಸುತ್ತಿತ್ತು. ಬಹಳ ಹೊತ್ತು ತೋರಿಸಿತು. ಅತ್ಯಾ ಒಂದೊಂದೇ ಅಕ್ಷರ ಒತ್ತುತ್ತಾರೆ, ಆದರೆ ಒತ್ತಿದ್ದು ವಾಪಸ್ ತೆಗೆಯುವುದಿಲ್ಲ.

ಮಾಟುಂಗಾ ಅತ್ಯಾ: ತಮ್ಮಾ, ನಿನ್ನ ಫಾರ್ವರ್ಡ್ ತಪ್ಪು. ಆದರೆ ಇವನು ಹೇಳುವಷ್ಟು ಸಲೀಸೂ ಅಲ್ಲ. ಫಿರಿಶ್ತಾ ಅಂತ ಇತಿಹಾಸಕಾರ, ಬಿಜಾಪುರದ ಆಸ್ಥಾನದಲ್ಲಿದ್ದವನು. ಅವನು ಬರೆದಿದ್ದಾನೆ. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾಹ ತಾನೇ ವಿಜಯನಗರಕ್ಕೆ ಬಂದು ದುಃಖ ವಿಚಾರಿಸಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು. ಆದರೆ ಅಲಿ ಹೊರಡುವಾಗ ಕಳಿಸಿಕೊಡಲು ರಾಮರಾಯ ಜೊತೆಗೆ ಹೋಗಲಿಲ್ಲ. ಅಲಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಗೇಟಿನ ತನಕ ಬಂದು ಕಳಿಸಲಿಲ್ಲ ಅಂತ ಮಾತು ಬಿಟ್ಟವರು ನಮ್ಮ ಮನೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ಆಮೇಲೆ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿಯನ್ನು ಇದೇ ಅಲಿಗೆ ಕೊಟ್ಟರು. ವರದಕ್ಷಿಣೆ ಸೋಲಾಪುರದ ಕೋಟೆ. ನಾವು ರೈಲಿನಲ್ಲಿ ಚಟ್ನಿ ಪುಡಿ ಕೊಳ್ಳುವ ಅದೇ ಸೋಲಾಪುರ. ಅಷ್ಟು ವರ್ಷ ಇವರಿಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ ರಾಮರಾಯನ ಆಟ ಆ ಮದುವೆಯಿಂದ ಮುಗಿಯಿತು. ಈಗ ಹೇಳು, ಮಗ ಅನ್ನಿಸಿಕೊಂಡವನೇ ಯುದ್ಧಕ್ಕೆ ಎದುರು ನಿಂತನಲ್ಲ. ಕಾದಂಬರಿಯ ಮಗ ಪೂರ್ತಿ ಗಾಳಿಯಿಂದ ಬಂದವನಲ್ಲ ಅಂತ ನನಗೆ ಅನ್ನಿಸುತ್ತದೆ.

ಡೊಂಬಿವಲಿ ಕಾಕಾ: ಅಕ್ಕಾ!! ಇದನ್ನೇ ನಾನು ಹೇಳಿದ್ದು!

ಮಾಟುಂಗಾ ಅತ್ಯಾ: ಇಲ್ಲ. ನೀನು ಹತ್ತು ಜನರಿಗೆ ಕಳಿಸಿ ಅಂದೆ.

ಅತ್ಯಾ ಹೇಳಿದ್ದು ಓದಿದ ಮೇಲೆ ನನ್ನ ಮಾತು ನನಗೇ ಇನ್ನೂ ಸ್ಪಷ್ಟವಾಯಿತು. ಅಷ್ಟು ದೊಡ್ಡ ಸೋಲಿಗೆ ಒಂದು ಮುಖ ಇಲ್ಲ. ವರ್ಷಗಟ್ಟಲೆ ನಡೆದ ಪಿತೂರಿ, ಅವಮಾನ, ಮದುವೆ ಸಂಬಂಧ, ಕೋಟೆಗಳ ಕೊಡುಕೊಳ್ಳುವಿಕೆ. ಅದನ್ನು ಕಂದೀಲಿನ ಬೆಳಕಲ್ಲಿ ಓದಿದರೆ ಕೂತವರು ಆಕಳಿಸುತ್ತಾರೆ. ಅಪ್ಪ, ಮಗ, ನಡುವೆ ಒಬ್ಬ ನೊಂದ ತಾಯಿ ಅಂದರೆ ಆಕಳಿಸುವುದಿಲ್ಲ. ಹಾಗಂತಲೇ ಗುಂಪಿಗೆ ಬರೆದೆ.

ಡೊಂಬಿವಲಿ ಕಾಕಾ: ಅಂದರೆ ಕಾದಂಬರಿ ಅಂದರೆ ದಡ್ಡರಿಗೆ ಇತಿಹಾಸ ಅಂತಲಾ?

ನಾನು: ಅಲ್ಲ ಕಾಕಾ. ನಾವು ಈ ಪುಸ್ತಕ ಓದುವುದು ಇಸವಿಗೋಸ್ಕರ ಅಲ್ಲವೇ ಅಲ್ಲ. ಮಾತು ಕೊಟ್ಟವನು ಆ ಕ್ಷಣವೇ ಕುದುರೆ ಹತ್ತುತ್ತಾನಲ್ಲ, ಅದಕ್ಕೆ. ನಿಮ್ಮ ಸೊಸೈಟಿಯಲ್ಲಿ ಲಿಫ್ಟ್ ರಿಪೇರಿಗೆ ಎಷ್ಟು ಮೀಟಿಂಗ್ ಆಯಿತು? ಈ ಕತೆಗಳಲ್ಲಿ ಮೀಟಿಂಗ್ ಇಲ್ಲ.

ಡೊಂಬಿವಲಿ ಕಾಕಾ: ಲಿಫ್ಟ್ ವಿಷಯ ಬೇಡ.

ಠಾಣೆ ವೈನಿ: ಒಂದು ನಿಮಿಷ. ಅಡುಗೆ ಮಾಡುತ್ತಾ ಎಲ್ಲ ಓದಿದೆ. ನಿಮ್ಮ ಕತ್ತಿ ಕತೆಗಳಲ್ಲಿ ಹೆಂಗಸರು ಏನು ಮಾಡುತ್ತಾರೆ ಹೇಳಿ. ಆಪ್ಟೆಯವರ ‘ಗಡ ಆಲಾ ಪಣ ಸಿಂಹ ಗೇಲಾ’ದಲ್ಲಿ ಕಮಲಕುಮಾರಿಯನ್ನು ಉದಯಭಾನು ಹೊತ್ತುಕೊಂಡು ಹೋಗುತ್ತಾನೆ. ಮೆಹರ್ಜಾನ್ ಅಳುತ್ತಾಳೆ. ಡ್ಯೂಮಾನ ಕತೆಯ ಆ ಫ್ರಾನ್ಸಿನ ರಾಣಿ ವಜ್ರದ ಪದಕ ಪ್ರೇಮಿಗೆ ಕೊಟ್ಟು ಒದ್ದಾಡುತ್ತಾಳೆ. ಬುದ್ಧಿ ಓಡಿಸಿ ಕೆಲಸ ಮಾಡುವವಳು ಅದೇ ಕತೆಯ ಮಿಲೇಡಿ ಒಬ್ಬಳೇ, ಅವಳನ್ನು ಖಳನಾಯಕಿ ಮಾಡಿದ್ದಾರೆ.

ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಅಣ್ಣ ಮೆಸೇಜ್ ಹಾಕಿ ಡಿಲೀಟ್ ಮಾಡಿದ.

ಮಾಟುಂಗಾ ಅತ್ಯಾ: ಸರಿಯಾಗಿ ಹೇಳಿದಳು.

ಠಾಣೆ ವೈನಿ: ನನಗೆ ಇಷ್ಟ ಆಗಿದ್ದು ಬ್ಯಾರನೆಸ್ ಆರ್ಟ್ಸಿಯ ‘ಸ್ಕಾರ್ಲೆಟ್ ಪಿಂಪರ್ನೆಲ್’. ಹೆಂಗಸು ಬರೆದದ್ದು. ಅದು ಮೊದಲು ನಾಟಕವಾಗಿ ಬಂತು, ಪುಸ್ತಕ 1905ರಲ್ಲಿ. ನಾಯಕ ಲಂಡನ್ನಿನ ಪಾರ್ಟಿಗಳಲ್ಲಿ ಪೆದ್ದನ ಹಾಗೆ ಬಟ್ಟೆ ಬಗ್ಗೆ ಹರಟುತ್ತಾನೆ. ರಾತ್ರಿ ಫ್ರಾನ್ಸಿಗೆ ಹೋಗಿ ತಲೆ ಕಡಿಯುವ ಗಿಲೋಟಿನ್‌ಗೆ ಹೋಗುವವರನ್ನು ಬಿಡಿಸಿಕೊಂಡು ಬರುತ್ತಾನೆ. ಹೆಂಡತಿಗೂ ಗೊತ್ತಿಲ್ಲ. ಆಮೇಲೆ ಬಂದ ಮುಖವಾಡದ ವೀರರೆಲ್ಲ ಇವನ ನೆಂಟರೇ. ಮನೆಯಲ್ಲಿ ಪೆದ್ದ, ಹೊರಗೆ ಶೂರ. ನಮ್ಮ ಮನೆಯಲ್ಲಿ ಉಲ್ಟಾ.

ಠಾಣೆ ಅಣ್ಣ: ಇದು ಕುಟುಂಬದ ಗುಂಪು.

ಠಾಣೆ ವೈನಿ: ಅದಕ್ಕೇ ಇಲ್ಲಿ ಹೇಳಿದ್ದು.

ನಾನು: ವೈನಿ, ಸಬಾಟಿನಿ ಓದಿ ನೋಡಿ. ಅಪ್ಪ ಇಟಲಿಯವನು, ಅಮ್ಮ ಇಂಗ್ಲೆಂಡಿನವಳು, ಇಬ್ಬರೂ ಒಪೆರಾ ಹಾಡುವವರು. ಅವನ ‘ಕ್ಯಾಪ್ಟನ್ ಬ್ಲಡ್’ 1922ರದು. ನನಗೆ ಈ ಜಾತಿಯ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಇಷ್ಟ. ಊರೆಲ್ಲ ದಂಗೆಗೆ ಓಡುತ್ತಿದ್ದರೆ ಡಾಕ್ಟರ್ ಬ್ಲಡ್ ಕಿಟಕಿಯ ಹತ್ತಿರ ಪೈಪ್ ಸೇದುತ್ತಾ ಹೂಕುಂಡದ ಜೆರೇನಿಯಂ ಗಿಡ ನೋಡಿಕೊಳ್ಳುತ್ತಿರುತ್ತಾನೆ. ಅವನಿಗೆ ಯಾರ ಜಗಳವೂ ಬೇಡ. ಗಾಯಗೊಂಡ ಒಬ್ಬ ದಂಗೆಕೋರನಿಗೆ ಔಷಧಿ ಕೊಟ್ಟ ಅಂತ ಅವನನ್ನೇ ಹಿಡಿದು, ಗುಲಾಮನನ್ನಾಗಿ ಬಾರ್ಬಡೋಸ್‌ಗೆ ಕಳಿಸುತ್ತಾರೆ. ಅಲ್ಲಿಂದ ಕಡಲುಗಳ್ಳ ಆಗುತ್ತಾನೆ. ಇದೂ ಗಾಳಿ ಅಲ್ಲ. ಇಂಗ್ಲೆಂಡಿನಲ್ಲಿ 1685ರ ಮನ್‌ಮತ್ ದಂಗೆ ಆದ ಮೇಲೆ ಹೆನ್ರಿ ಪಿಟ್‌ಮನ್ ಅನ್ನುವ ನಿಜವಾದ ವೈದ್ಯನಿಗೆ ಇದೇ ಗತಿಯಾಯಿತು. ಅವನು ತಪ್ಪಿಸಿಕೊಂಡು ಬಂದು ತನ್ನ ಕತೆ ಬರೆದ. ಆದರೆ ಪಿಟ್‌ಮನ್ ಕಡಲುಗಳ್ಳರ ನಾಯಕ ಆಗಲಿಲ್ಲ. ಅಷ್ಟನ್ನು ಸಬಾಟಿನಿ ಸೇರಿಸಿದ.

ಪುಟ್ಟಿ: ಪುಣೆ ಕಾಕಾ, ಆ ಪುಸ್ತಕ ನನಗೆ ಕೊಡಿ.

ಡೊಂಬಿವಲಿ ಕಾಕಾ: ಎಲ್ಲ ಫಿರಂಗಿಗಳೇ. ತ.ರಾ.ಸು. ಎಲ್ಲಿ ಹೋದರು? ಚಿತ್ರದುರ್ಗದ ಮೇಲೆ ಆ ಮನುಷ್ಯ ಸಾಲು ಸಾಲು ಬರೆದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಹೆಸರು ಕೇಳಿದರೇ ಮೈ ಜುಂ ಅನ್ನುತ್ತದೆ. ‘ರಕ್ತರಾತ್ರಿ’ ಓದಲು ಕೂತು ದಾದರ್ ಬದಲು ಕೊನೆಯ ಸ್ಟೇಷನ್ ತನಕ ಹೋಗಿದ್ದೇನೆ ನಾನು. ಅಲ್ಲಿ ಅರಮನೆಯೊಳಗಿನ ಸಂಚು ಇದೆ, ದಳವಾಯಿಗಳು ಇದ್ದಾರೆ. ಕಲ್ಲುಬಂಡೆ, ಬತೇರಿ, ಹೊಂಡ ಎಲ್ಲ ಇವತ್ತಿಗೂ ಹೋಗಿ ಮುಟ್ಟಿ ನೋಡಬಹುದು. ಡ್ಯೂಮಾನ ಪ್ಯಾರಿಸ್ ನೋಡಲು ನನಗೆ ವೀಸಾ ಬೇಕು.

ನಾನು: ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ತ.ರಾ.ಸು. ಊರಿನ ಒಳಗೆ ನಿಂತು ಬರೆದವರು.

ಮಾಟುಂಗಾ ಅತ್ಯಾ: ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಿಟ್ಟಿರಿ. ಅದಕ್ಕೆ ಜ್ಞಾನಪೀಠ ಬಂತು.

ಡೊಂಬಿವಲಿ ಕಾಕಾ: ಅಕ್ಕಾ, ಅದರಲ್ಲಿ ಎಲ್ಲರೂ ಕೂತು ಮಾತಾಡುತ್ತಾರೆ.

ಮಾಟುಂಗಾ ಅತ್ಯಾ: ರಾಜ್ಯ ಹೋಗುವುದೂ ಹಾಗೆಯೇ ತಮ್ಮಾ. ಕೂತಲ್ಲೇ ಹೋಗುತ್ತದೆ. ಕೊಡಗು 1834ರಲ್ಲಿ ಹಾಗೆಯೇ ಹೋಯಿತು.

ಅತ್ಯಾ ಹೇಳಿದ್ದು ನಿಜ. ಆದರೂ ಮಳೆಗಾಲದ ಭಾನುವಾರ ನನ್ನ ಕೈ ಹೋಗುವುದು ಸಬಾಟಿನಿಗೇ, ಮಾಸ್ತಿಯವರ ಪುಸ್ತಕಕ್ಕೆ ಅಲ್ಲ. ಎರಡೂ ಕಪಾಟಿನಲ್ಲಿ ಅಕ್ಕಪಕ್ಕ ಇವೆ.

ಠಾಣೆ ಅಣ್ಣ: ಆಫೀಸ್ ಗುಂಪಿನಿಂದ ಆ ಫಾರ್ವರ್ಡ್ ತೆಗೆಯಲು ಆಗುತ್ತಿಲ್ಲ. ಟೈಮ್ ಮೀರಿದೆ ಅನ್ನುತ್ತಿದೆ.

ನಾನು: ಕೆಳಗೆ ಬರೆದುಬಿಡು. ‘ಇದು ಗಳಗನಾಥರ ಕಾದಂಬರಿಯ ಕತೆ, ಮೂಲ ಆಪ್ಟೆ. ಪುಸ್ತಕ ಚೆನ್ನಾಗಿದೆ, ಓದಿ.’ ನಾಲ್ಕು ಜನ ಪುಸ್ತಕ ಹುಡುಕಿದರೂ ಆಯಿತು.

ಡೊಂಬಿವಲಿ ಕಾಕಾ: ನಾನು ಏನೂ ಬರೆಯುವುದಿಲ್ಲ. ಆದರೆ ಪುಟ್ಟಿಗೆ ನನ್ನ ‘ದುರ್ಗಾಸ್ತಮಾನ’ ಕೊಡುತ್ತೇನೆ. ಡ್ಯೂಮಾ ಮುಗಿಸಲಿ, ಆಮೇಲೆ ಇದು.

ಪುಟ್ಟಿ: ಥ್ಯಾಂಕ್ಯೂ ಅಜ್ಜಾ! ನಾನು ಈಗ ಮಸ್ಕಿಟಿಯರ್ಸ್ ಎರಡನೇ ಪುಸ್ತಕದಲ್ಲಿದ್ದೇನೆ. ಪೋರ್ಥೋಸ್ ನನ್ನ ಫೇವರಿಟ್.

ಮಾಟುಂಗಾ ಅತ್ಯಾ: ಡ್ಯೂಮಾಗೂ ಅವನೇ ಫೇವರಿಟ್ ಪುಟ್ಟೀ. ಮೂರನೇ ಪುಸ್ತಕದಲ್ಲಿ ಪೋರ್ಥೋಸ್‌ನನ್ನು ಸಾಯಿಸಿದ ದಿನ ಡ್ಯೂಮಾ ಅತ್ತಿದ್ದನಂತೆ.

ಪುಟ್ಟಿ: ಅಜ್ಜಿ!!!!

ಪುಟ್ಟಿ: ಪೋರ್ಥೋಸ್ ಸಾಯುತ್ತಾನಾ???

‘ಪುಟ್ಟಿ ಗುಂಪಿನಿಂದ ಹೊರಹೋಗಿದ್ದಾರೆ.’

‘ಠಾಣೆ ವೈನಿ ಪುಟ್ಟಿಯನ್ನು ಸೇರಿಸಿದ್ದಾರೆ.’

ಡೊಂಬಿವಲಿ ಕಾಕಾ: ಇದಕ್ಕೆಲ್ಲ ಇಷ್ಟು ಸಿಟ್ಟಾ? ನಾವೆಲ್ಲ ಕೊನೆ ಗೊತ್ತಿದ್ದೇ ಓದಿದ್ದು. ದುರ್ಗ ಹೈದರ್ ಅಲಿ ಕೈಗೆ ಹೋಗುತ್ತದೆ, ಮದಕರಿ ಸೆರೆ ಸಿಗುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದೇವೆ.

ಪುಟ್ಟಿ: ಅಜ್ಜಾ, ಅದು ನನ್ನ ಮುಂದಿನ ಪುಸ್ತಕ.